ಕಬ್ಬಿಣದ ಮೊಳಕಾಲು

“ಹರಕಿ ನಂದು, ಕಾಲೂ ನನ್ನವು. ನಿಮಗ್ಯಾಕ್ರಿ ಚಿಂತಿ?” ಎಂದು ರುಕ್ಮಿಣೀಬಾಯಿ ಗಂಡನಿಗೆ ಹೇಳಿದಳು.

ಪಡಸಾಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದ ಪಂಢರೀನಾಥರಾಯರು ನಕ್ಕರು. “ಮಹಾಕೂಟಕ್ಕ ಚಕ್ಕಡಿ ಹಾದಿ ಅದ. ಗುಡ್ಡ ಹತ್ತೂ ವಯಸ್ಸೇನ ನಿಂದು?”

“ಚಕ್ಕಡ್ಯಾಗ ಹೋದ್ರ ಅದು ಹರಕಿ ಅಲ್ರಿ, ಬೀಗರ ಊರಿಗೆ ಹೋದಂಗ. ನನ್ನ ಮೊಳಕಾಲು ಕಬ್ಬಿಣ ಅವ.”

ಸೊಸೆ ಕುಮುದಿನಿ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಹರಕೆ ಅವಳ ಸಲುವಾಗಿಯೇ ಇತ್ತು. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಬಾದಾಮಿಯಿಂದ ಬರಿಗಾಲಲ್ಲಿ ಗುಡ್ಡದ ಹಳೆಯ ಹಾದಿ ಹಿಡಿದು ಮಹಾಕೂಟಕ್ಕೆ ಹೋಗಿ, ಹೊಂಡದಲ್ಲಿ ಮಿಂದು, ಹೊತ್ತು ಮುಳುಗುವುದರೊಳಗೆ ಮರಳಬೇಕು. ಶ್ರಾವಣ ಮುಗಿದ ಮೇಲೆ, ಬಾಗಲಕೋಟೆಯಲ್ಲಿ ಕಾರಕೂನನಾಗಿರುವ ಮಗ ದತ್ತಾತ್ರೇಯನಿಗೆ ಇಳಕಲ್ಲಿನ ಕಡೆ ಎರಡನೆಯ ಹೆಣ್ಣು ನೋಡುವುದಾಗಿ ಮಾವ ಹೇಳಿಬಿಟ್ಟಿದ್ದರು. ಓಣಿಗೆಲ್ಲ ಅದು ಗೊತ್ತಿತ್ತು. ನೀರಿಗೆ ಹೋದರೆ ಹೆಂಗಸರ ಕಣ್ಣು ಮೊದಲು ಕುಮುದಿನಿಯ ಹೊಟ್ಟೆಯ ಮೇಲೆ, ಆಮೇಲೆ ಮುಖದ ಮೇಲೆ.

ಹೊರಗಿನ ಕಟ್ಟೆಯ ಮೇಲೆ ನಬಿಸಾಬ ಕುಳಿತಿದ್ದ. ದಿನವೂ ಗುಡ್ಡದಿಂದ ಹುಲ್ಲಿನ ಹೊರೆ ಇಳಿಸುವ ಅವನೇ ಹಾದಿ ತೋರಿಸುವವನು.

“ಬಿಸಿಲೇರೂದ್ರಾಗ ಮ್ಯಾಲಿನ ಹಾಸಗಲ್ಲು ದಾಟಬೇಕ್ರಿ ಬಾಯಾರ, ಅಲ್ಲಿ ನೆರಳಿಲ್ಲ. ಆಮ್ಯಾಲ ಹಳ್ಳದ ಇಳಿಜಾರು. ಮಳಿಗಾಲ, ಕಲ್ಲು ಪಾಚಿಗಟ್ಟ್ಯಾವು. ಒಬ್ಬರ ಹಿಂದ ಒಬ್ಬರು ಕುಂತು ಇಳೀಬೇಕು.”

“ಕುಂತು ಇಳಿಯೂದಾ? ಹಂಗಾರ ನಾನೂ ಬರ್ತೇನಿ, ಅದನ್ನ ನೋಡಾಕ!” ಎಂದಳು ಅಲ್ಲೇ ನಿಂತಿದ್ದ ಪಕ್ಕದ ಮನೆಯ ಗುರುಸಿದ್ದವ್ವ.

ಬುತ್ತಿಗೆ ತಂಬಿಟ್ಟು, ಹುರಿದ ಶೇಂಗಾ. ಮಡಿನೀರಿಗೆ ಸಣ್ಣ ಕೊಡ. ಎಲ್ಲ ನಿಶ್ಚಯವಾಯಿತು. ದಿನ ಗೊತ್ತು ಮಾಡುವುದೊಂದು ಉಳಿಯಿತು. ರುಕ್ಮಿಣೀಬಾಯಿ ಒಳಗೆ ತಿರುಗಿ ಕೂಗಿದಳು. “ಕುಮುದಾ, ಶ್ರಾವಣದ ಕಡೀ ಸೋಮವಾರ ನಡೀತದೇನ?”

ಕೇಳಿದ್ದು ಏನೆಂದು ಗಂಡಸರಿಗೂ ತಿಳಿಯಿತು. ಮುಟ್ಟಾದವಳು ಹಿತ್ತಲಲ್ಲಿ ದೂರ ಕೂಡಬೇಕು, ಗುಡಿಯ ಕಡೆ ಮುಖ ಮಾಡುವಂತಿಲ್ಲ.

“ಅವತ್ತ ಕಾಗಿ ಮುಟ್ಟೂದಿಲ್ಲ ಹೌದಲ್ಲ?” ಗುರುಸಿದ್ದವ್ವ ನಕ್ಕಳು. “ನಮ್ಮೊಳಗ ಈ ತ್ರಾಸ ಇಲ್ಲವಾ. ಲಿಂಗ ಕಟ್ಟಿದ ಮೈಗೆ ಎಲ್ಲೀ ಮೈಲಿಗಿ?”

ಮಾವನ ಅಡಕೊತ್ತು ನಿಂತಿತ್ತು. ನಬಿಸಾಬ ಬೀದಿಯತ್ತ ಮುಖ ತಿರುಗಿಸಿದ. ಕುಮುದಿನಿಗೆ ಕಿವಿಯ ತುದಿಯವರೆಗೂ ಬಿಸಿ ಏರಿತು. ಆ ಸೋಮವಾರದ ಆಸುಪಾಸಿನಲ್ಲೇ ತಾನು ಹೊರಗಾಗುವುದು ಅವಳಿಗೆ ಗೊತ್ತಿತ್ತು. ಆದರೂ ನಡೆಯುತ್ತದೆ ಎಂದು ತಲೆ ಆಡಿಸಿದಳು. ಅವರೆಲ್ಲ ಮಾತು ಬದಲಿಸಿದರೆ ಸಾಕಾಗಿತ್ತು.

ಆಮೇಲೆ ಹೇಳಬೇಕೆಂದುಕೊಂಡಳು. ಒಂದು ಮಧ್ಯಾಹ್ನ ಕೋಣೆಗೆ ಹೋದರೆ, ಅತ್ತೆ ಬಾಗಿಲ ಹಿಂದೆ ಕುಳಿತು ಬಾತ ಮೊಳಕಾಲಿಗೆ ಔಡಲೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸೊಸೆಯನ್ನು ಕಂಡು ಗಡಬಡಿಸಿ ಸೀರೆ ಇಳಿಬಿಟ್ಟು, “ಯಾರ ಮುಂದೂ ಆಡಬ್ಯಾಡ,” ಎಂದಳು. ಆ ಕಾಲು ಕಂಡ ಮೇಲಂತೂ ಕುಮುದಿನಿಗೆ ಬಾಯಿ ಬರಲಿಲ್ಲ. ಈ ಸಲ ತಡವಾದೀತು ಎಂದು ತಾನೇ ದೇವರಿಗೆ ಕೈಮುಗಿದಳು.

ತಡವಾಗಲಿಲ್ಲ. ಸೋಮವಾರ ನಸುಕಿನಲ್ಲಿ ರುಕ್ಮಿಣೀಬಾಯಿ ಒದ್ದೆ ಮಡಿಸೀರೆಯಲ್ಲಿ ಕೊಡ ಹಿಡಿದು ಹಿತ್ತಲಿಗೆ ಬಂದಾಗ, ಸೊಸೆ ಮೂಲೆಯ ಹಾಸುಗಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಕೇಳುವುದೇನೂ ಇರಲಿಲ್ಲ.

“ಅವತ್ತ ಗೊತ್ತಿತ್ತೇನ ನಿನಗ?”

ಕುಮುದಿನಿ ಹೌದೆಂದು ತಲೆ ಆಡಿಸಿದಳು. ಬೈದರೆ ಹಗುರಾಗುತ್ತಿತ್ತು. ಅತ್ತೆ ಬೈಯಲಿಲ್ಲ. ಕೊಡ ಇಳಿಸಿ ತಲಬಾಗಿಲಿಗೆ ಹೋದಳು.

ಹೊರಗೆ ನಬಿಸಾಬನ ಕೋಲಿನ ಸಪ್ಪಳ, ಗುರುಸಿದ್ದವ್ವನ ಬಳೆ. ಈಗ ಹೇಳುತ್ತಾಳೆ, ಎಂದು ಕುಮುದಿನಿ ಮೊಳಕಾಲ ನಡುವೆ ಮುಖ ಹುದುಗಿಸಿದಳು.

“ಇವತ್ತ ಆಗೂದಿಲ್ಲೋ ನಬಿಸಾಬ. ನನ್ನ ಕಾಲು ಹಿಡಕೊಂಡಾವು.”

“ಕಬ್ಬಿಣ ಅಂತಿದ್ರಲ್ರಿ ಬಾಯಾರ!” ಗುರುಸಿದ್ದವ್ವನ ನಗೆ.

“ಮಳಿಗಾಲ ನೋಡವಾ, ತುಕ್ಕು ಹಿಡೀತು.”

ಮಾವ ಗೆದ್ದವರಂತೆ ನಕ್ಕರು. “ನಾ ಹೇಳಿರಲಿಲ್ಲೇನು? ಮುದುಕಿಗೆ ಗುಡ್ಡ ಬೇಕಂತ!”

“ಹೌದ್ರಿ, ನೀವಂದದ್ದ ಖರೆ. ಆದ್ರ ಹರಕಿ ತಪ್ಪಿದ್ದು ನನ್ನ ಕಾಲಿಂದ, ಸೊಸಿಯಿಂದಲ್ಲ. ಕಾರ್ತೀಕ ಸೋಮವಾರ ಹೋಗ್ತೇವಿ. ಅಲ್ಲೀತನಕ ಇಳಕಲ್ಲಿನ ಮಾತು ಈ ಮನ್ಯಾಗ ತಗೀಬ್ಯಾಡ್ರಿ.”

ಮಾವ ಗೊಣಗಿದರು. ಕೊನೆಗೆ, “ಆತು, ಕಾರ್ತೀಕತನಕ,” ಎಂದದ್ದು ಕೇಳಿಸಿತು.

ಹಿತ್ತಲಿಗೆ ಮರಳಿ ಬರುವಾಗ ಅತ್ತೆ ಕುಂಟುತ್ತಿದ್ದಳು. ಮಂದಿಗಾಗಿ ಕುಂಟಿದ್ದೋ ಖರೆ ನೋವೋ, ಕುಮುದಿನಿಗೆ ತಿಳಿಯಲಿಲ್ಲ. ಎದ್ದು ಆ ಕಾಲು ಮುಟ್ಟಬೇಕೆನಿಸಿತು, ಆದರೆ ಮುಟ್ಟುವಂತಿರಲಿಲ್ಲ. ಅತ್ತೆ ದೂರದಿಂದಲೇ ಎಲೆಯ ಮೇಲೆ ತಂಬಿಟ್ಟು ಇಟ್ಟು ಸರಿಸಿದಳು.

“ಕಾರ್ತೀಕದಾಗ ಮತ್ತ ಕೇಳ್ತೇನಿ, ನಡೀತದೇನಂತ.”

ಕುಮುದಿನಿ ತಲೆ ಆಡಿಸಿದಳು.

“ತಲಿ ಬ್ಯಾಡ. ಬಾಯಿಲೆ ಹೇಳು.”

“ಹೂಂ ರಿ, ಅತ್ತೇರ,” ಎಂದಳು. ಬಾಯಿಬಿಟ್ಟು ಹೇಳಿದರೂ ಅದು ಗೋಡೆಗೆ ಹೇಳಿದಂತಿತ್ತು.