ಐದು ಜೌಲಿನ ಬೇಲಿ

"ಇಲ್ಲೇನೋ ಬರ್ದವ್ರಲ್ಲ, ಓದು ಮಗ," ಎಂದು ಸಿದ್ದರಾಜು ಬೇಲಿಗೆ ಕರೆಂಟು ಹರಿಸುವ ಪೆಟ್ಟಿಗೆಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. ಒಂದು ಜಡೆ ಹೆಣೆದು ಇನ್ನೊಂದನ್ನು ಅರ್ಧಕ್ಕೇ ಬಿಟ್ಟು ಬಂದಿದ್ದ ಪ್ರಿಯಾ ಬಗ್ಗಿ ನೋಡಿ, ಐದು ಜೌಲ್ ಅಂತ ಬರೆದಿದೆ ಎಂದಳು. ಅಪ್ಪನ ಮುಖದಲ್ಲಿ ರಾತ್ರಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹುಣಸೂರಿನ ಅಂಗಡಿಯಿಂದ ತಂದು, ಸೋಲಾರ್ ಹಲಗೆ ಕೂರಿಸಿ, ಹೊಲದ ಸುತ್ತ ತಂತಿ ಎಳೆಸಿದ್ದ ಬೇಲಿಯನ್ನು ಒಂಟಿ ಸಲಗವೊಂದು ದಾಟಿ ಬಂದು ಮೇಲಿನ ಮೂಲೆಯ ಮುಸುಕಿನ ಜೋಳವನ್ನೆಲ್ಲ ಮುರಿದು ಹೋಗಿತ್ತು.

ವೀರನಹೊಸಹಳ್ಳಿಯ ಆಚೆ, ಕಾಡಿಗೆ ಬೆನ್ನು ಕೊಟ್ಟಂತಿದ್ದ ಹೊಲ ಅದು. ಮೂರು ವರ್ಷದಿಂದ ಅಲ್ಲಿ ಬಿತ್ತಿದ ಜೋಳದ ಒಂದು ತೆನೆಯೂ ಮನೆಯ ಅಂಗಳ ಕಂಡಿರಲಿಲ್ಲ. ಬಿತ್ತುವುದು ಮನುಷ್ಯರು, ಕೊಯ್ಯುವುದು ಆನೆ ಎಂಬಂತಾಗಿತ್ತು. ಈ ವರ್ಷವಾದರೂ ಜೋಳ ಮನೆ ಸೇರಬೇಕು ಎನ್ನುವುದೊಂದೇ ಸಿದ್ದರಾಜುವಿನ ಹಟ. ಬೇರೆ ಆಸೆಗಳನ್ನೆಲ್ಲ ಅವನು ಎಂದೋ ಕೈಬಿಟ್ಟಿದ್ದ.

ಜೌಲ್ ಅಂದರೆ ಏನು ಎಂದು ಅವನು ಕೇಳಿದ್ದೇ ತಡ, ಪ್ರಿಯಾ ಅರಳಿಬಿಟ್ಟಳು. ಒಂಬತ್ತನೇ ಕ್ಲಾಸಿನಲ್ಲಿ ಅದೇ ವಾರ ಆದ ಪಾಠ. ಹಾಲನ್ನು ಲೀಟರಿನಲ್ಲಿ ಅಳೆದಂತೆ ಶಕ್ತಿಯನ್ನು ಜೌಲಿನಲ್ಲಿ ಅಳೆಯುತ್ತಾರೆ ಎಂದಳು. ಅಪ್ಪನಿಗೆ ಅಷ್ಟಕ್ಕೆ ತೃಪ್ತಿಯಾಗದ್ದು ನೋಡಿ ಒಳಗೆ ಓಡಿ, ಬುಟ್ಟಿಯಿಂದ ಒಂದು ಟೊಮೆಟೊ ತಂದು ನೆಲದ ಮೇಲಿಟ್ಟಳು. ಅದನ್ನು ಸೊಂಟದೆತ್ತರಕ್ಕೆ ಎತ್ತಿ ತೋರಿಸಿ, "ನೂರು ಗ್ರಾಮಿನ್ ಟೊಮೆಟೊನ ಒಂದು ಮೀಟರ್ ಎತ್ತಿದ್ರೆ ಒಂದು ಜೌಲು. ಇಷ್ಟೇ ಕಣಪ್ಪ," ಎಂದಳು.

"ಅಂಗಾರೆ ಐದು ಅಂದ್ರೆ?"

"ಐದು ಟೊಮೆಟೊ. ಅರ್ಧ ಕೇಜಿ."

ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅಜ್ಜಿ ಪುಟ್ಟಸಿದ್ದಮ್ಮ ನಕ್ಕು, ಅದನ್ನೂ ಆನೆಗೇ ಹಾಕಿಬಿಡಿ, ಜೋಳದ ಜೊತೆ ನೆಂಚಿಕೊಳ್ಳಲಿ ಎಂದಳು. ಸೊಸೆ ಮಲ್ಲಾಜಮ್ಮನೂ ಒಲೆಯ ಮುಂದೆ ನಕ್ಕಳು. ಸಿದ್ದರಾಜು ನಗಲಿಲ್ಲ. ಐದು ಟನ್ನಿನ ಪ್ರಾಣಿಯನ್ನು ಅರ್ಧ ಕೇಜಿ ಟೊಮೆಟೊ ತಡೆಯುತ್ತದೆಂದು ನಂಬಿ ತಂತಿ ಎಳೆಸಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಉರಿ ತಡೆಯಲಾರದೆ ಮೂರ್ತಿಯ ಟೀ ಅಂಗಡಿಯಲ್ಲಿ ಅವನೇ ಅದನ್ನು ಬಾಯಿಬಿಟ್ಟ. ಊರಿನವರಿಗೆ ಇಷ್ಟು ಸಿಕ್ಕರೆ ಸಾಲದೇ? ಸಂಜೆಯೊಳಗೆ ಅದು ಟೊಮೆಟೊ ಬೇಲಿಯಾಯಿತು, ಮರುದಿನ ಅವನು ಟೊಮೆಟೊ ಸಿದ್ದನಾದ. ಪಕ್ಕದ ಹೊಲದ ಕರಿಯಯ್ಯ ಮಾತ್ರ ನಗದೆ, ಬೀಡಿ ಆರಿಸಿ, ಪೆಟ್ಟಿಗೆ ನೆಚ್ಚಿಕೊಂಡು ಕೂತರೆ ಈ ವರ್ಷವೂ ಅಷ್ಟೇ, ಮೋಟಾರು ಮನೆಯಲ್ಲಿ ಲೈನ್ ಇದೆಯಲ್ಲ ಎಂದ. ಕಾಡಂಚಿನ ಊರುಗಳಲ್ಲಿ ಅದು ಯಾರೂ ಗಟ್ಟಿಯಾಗಿ ಆಡುವ ಮಾತಲ್ಲ, ಆದರೆ ಎಲ್ಲರ ಕಿವಿಗೂ ಬಿದ್ದಿರುವ ಮಾತು.

ಪ್ರಿಯಾ ಇತ್ತ ಶಾಲೆಯಲ್ಲಿ ಸುಕನ್ಯ ಮೇಡಂ ಅವರನ್ನು ಕೇಳಿದ್ದಳು. ಐದು ಜೌಲ್ ಇಷ್ಟು ಕಡಿಮೆಯಾದರೆ ಆನೆ ಹೇಗೆ ಹೆದರುತ್ತದೆ ಎಂದು. ಮೇಡಂ ಅವಳನ್ನು ಮೆಚ್ಚಿ, ಇಡೀ ಕ್ಲಾಸಿಗೆ ಬಿಡಿಸಿ ಹೇಳಿದರು. ಐದು ಜೌಲನ್ನು ಆ ಪೆಟ್ಟಿಗೆ ನಿಧಾನವಾಗಿ ಕೊಡುವುದಿಲ್ಲ, ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಕೊಟ್ಟು ಮುಗಿಸುತ್ತದೆ, ಅದಕ್ಕೇ ಅದು ಒದ್ದ ಹಾಗೆ ಬಡಿಯುವುದು. ಬಡಿದು ಸುಮ್ಮನಾಗುತ್ತದೆ. ಆ ಸುಮ್ಮನಿರುವ ಹೊತ್ತಿನಲ್ಲಿ ಪ್ರಾಣಿಯಾಗಲಿ ಮನುಷ್ಯನಾಗಲಿ ಹಿಂದೆ ಸರಿಯಬಹುದು. ಮನೆಯ ಕರೆಂಟಿಗೆ ಆ ಬಿಡುವಿಲ್ಲ, ಹಿಡಿದರೆ ಹಿಡಿದೇ ಇರುತ್ತದೆ, ಜೌಲುಗಳು ಹರಿಯುತ್ತಲೇ ಇರುತ್ತವೆ. ಸಂಜೆ ಮನೆಗೆ ಬಂದವಳೇ ಪ್ರಿಯಾ, ನಾನು ಅವತ್ತು ಹೇಳಿದ್ದು ಅರ್ಧ ಮಾತ್ರ ಎಂದು ಶುರುಮಾಡಿದಳು.

"ಸಾಕು ಬುಡವ್ವ ನಿನ್ ಜೌಲು. ಊರ್ನಲ್ಲಿ ತಲೆ ಎತ್ತಂಗಿಲ್ಲ," ಎಂದು ಸಿದ್ದರಾಜು ಟವೆಲ್ಲು ಕೊಡವಿ ಎದ್ದುಹೋದ. ಉಳಿದರ್ಧ ಅವಳ ಬಾಯಲ್ಲೇ ಉಳಿಯಿತು.

ಆಮೇಲೆ ದಿನಾ ಮುಸ್ಸಂಜೆ ಅವನು ಪೆಟ್ಟಿಗೆಯ ವೈರು ಬಿಚ್ಚಿ, ಮೋಟಾರು ಮನೆಯಿಂದ ಎಳೆದ ಕಪ್ಪು ವೈರನ್ನು ಬೇಲಿಗೆ ಕಟ್ಟತೊಡಗಿದ. ಬೆಳಿಗ್ಗೆ ಹಾಲು ಕರೆಯುವುದಕ್ಕೆ ಮುಂಚೆ ಹೋಗಿ ಅದನ್ನು ಬಿಚ್ಚಿ ಪೆಟ್ಟಿಗೆಯನ್ನು ಮತ್ತೆ ಜೋಡಿಸಿ ಬರುತ್ತಿದ್ದ. ಮನೆಯ ಹೆಂಗಸರಿಗೆ ಹೇಳಲಿಲ್ಲ, ಸುಮ್ಮನೆ ಗಾಬರಿಯಾಗುತ್ತಾರೆಂದು. ಆ ದಿನಗಳಲ್ಲಿ ಆನೆ ಆ ಕಡೆ ಸುಳಿಯಲೇ ಇಲ್ಲ. ಬೇರೆ ದಿಕ್ಕಿಗೆ ಹೋಗಿತ್ತೋ ಏನೋ, ಸಿದ್ದರಾಜು ಮಾತ್ರ ಅದನ್ನು ತನ್ನ ವೈರಿನ ಲೆಕ್ಕಕ್ಕೇ ಬರೆದುಕೊಂಡ. ತೆನೆಗಳು ಬಲಿತವು. ಅವನು ಟೀ ಅಂಗಡಿಗೆ ಮತ್ತೆ ಹೋಗತೊಡಗಿದ.

ಪುಟ್ಟಸಿದ್ದಮ್ಮನಿಗೆ ಬೇಲಿಯ ಭಯ ಯಾವತ್ತೂ ಇರಲಿಲ್ಲ. ಆ ಕಡೆಯ ಹೆಂಗಸರೆಲ್ಲ ಮಾಡುವಂತೆ, ಹಸಿ ಗರಿಕೆಯ ಎಸಳೊಂದನ್ನು ಕಿತ್ತು ಅದರ ತುದಿಯನ್ನು ತಂತಿಗೆ ಮುಟ್ಟಿಸುವಳು. ಬೆರಳಿಗೆ ಸಣ್ಣಗೆ ಕುಟುಕಿದರೆ ಬೇಲಿಗೆ ಜೀವ ಇದೆ ಎಂದರ್ಥ, ಆಗ ಸುತ್ತಿ ಬಳಸಿ ಹೋಗಬೇಕು. ಕುಟುಕದಿದ್ದರೆ ಪೆಟ್ಟಿಗೆ ಕೆಟ್ಟಿದೆ, ಕೆಳಗಿನ ತಂತಿಯನ್ನು ಎತ್ತಿ ನುಸುಳಬಹುದು. ಬೇಲಿ ಬಂದ ದಿನದಿಂದ ಈ ಗರಿಕೆ ಅವಳಿಗೆ ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಆ ದಿನವೂ ಅದು ಸುಳ್ಳು ಹೇಳಲಿಲ್ಲ. ಹಿಂದಿನ ರಾತ್ರಿ ಎಲ್ಲೋ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗಿತ್ತು. ಮೋಟಾರು ಮನೆಯ ಬಲ್ಬು ಬೆಳಿಗ್ಗೆಯೂ ಸತ್ತೇ ಇತ್ತು. ಪಂಪ್‌ಸೆಟ್ಟಿಗೆ ಆ ವಾರ ರಾತ್ರಿ ಪಾಳಿ, ಇನ್ನು ಕರೆಂಟು ಬರುವುದು ಸಂಜೆಗೆ, ಡೈರಿಯಿಂದ ಬಂದಮೇಲೆ ವೈರು ಬಿಚ್ಚಿದರಾಯಿತು ಎಂದುಕೊಂಡು ಸಿದ್ದರಾಜು ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದ. ರಾತ್ರಿ ಕೊಡಲಾಗದ್ದನ್ನು ಬೆಳಿಗ್ಗೆ ಕೊಡುತ್ತಾರೆಂದು ಅವನಿಗೆ ಹೊಳೆಯಲಿಲ್ಲ.

ಪುಟ್ಟಸಿದ್ದಮ್ಮ ಸೊಪ್ಪು ಕುಯ್ಯಲು ಹೊರಟಿದ್ದಳು, ಪ್ರಿಯಾ ಬಸ್ಸಿಗೆ. ಹೊಲದ ಮೂಲೆಯವರೆಗೆ ಇಬ್ಬರದೂ ಒಂದೇ ದಾರಿ. ಅಜ್ಜಿ ಗರಿಕೆ ಕಿತ್ತು ತಂತಿಗೆ ಮುಟ್ಟಿಸಿದಳು. ತಿರುಗಿಸಿ ಇನ್ನೊಂದು ಕಡೆಯಿಂದಲೂ ಮುಟ್ಟಿಸಿದಳು.

"ನಿಮ್ಮಪ್ಪನ ಪೆಟ್ಟಿಗೆ ಸತ್ತೋಗದೆ ಕಣ್ ಕೂಸೆ. ಸಂಜೆ ಅವನ್ಗೆ ಯೋಳು," ಎಂದು ಗರಿಕೆ ಬಿಸಾಡಿ, ಬಗ್ಗಿ ಕೆಳಗಿನ ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿದಳು. ಪ್ರಿಯಾ ನಾಲ್ಕು ಹೆಜ್ಜೆ ಹೋಗಿರಬೇಕು, ಮೋಟಾರು ಮನೆಯ ಬಲ್ಬು ಹತ್ತಿಕೊಂಡಿತು.

ಅಜ್ಜಿ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಎಂದು ಪ್ರಿಯಾಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ತಿರುಗಿ ನೋಡಿದಾಗ ಮುದುಕಿ ಬಗ್ಗಿದಲ್ಲೇ ನಡುಗುತ್ತಿದ್ದಳು, ಮುಷ್ಟಿ ತಂತಿಯನ್ನು ಬಿಡುತ್ತಿರಲಿಲ್ಲ. ಕಂಬಕ್ಕೆ ಕಟ್ಟಿದ್ದ ಕಪ್ಪು ವೈರು ಪ್ರಿಯಾಳ ಕಣ್ಣಿಗೆ ಮೊದಲ ಬಾರಿಗೆ ಬಿದ್ದದ್ದು ಆಗ. ಬ್ಯಾಗು ಬಿಸಾಡಿ ವೈರಿನ ಜಾಡು ಹಿಡಿದು ಓಡಿ, ಮೋಟಾರು ಮನೆಯ ಮೇನ್ ಸ್ವಿಚ್ಚನ್ನು ಎರಡೂ ಕೈಯಲ್ಲಿ ಎಳೆದಳು. ವಾಪಸ್ಸು ಬರುವಷ್ಟರಲ್ಲಿ ಅಜ್ಜಿಯ ಮುಷ್ಟಿ ಬಿಚ್ಚಿಕೊಂಡಿತ್ತು. ಉಸಿರು ಮಿಕ್ಕಿರಲಿಲ್ಲ.

ಪೊಲೀಸರು ಬರುವುದರೊಳಗೆ ಕರಿಯಯ್ಯ ಕಪ್ಪು ವೈರನ್ನು ಸುತ್ತಿ ತನ್ನ ಹುಲ್ಲಿನ ಮೆದೆಯಲ್ಲಿ ಅಡಗಿಸಿದ್ದ, ಪೆಟ್ಟಿಗೆಯನ್ನು ಬೇಲಿಗೆ ಜೋಡಿಸಿದ್ದ. ಊರೆಲ್ಲ ಒಂದೇ ಮಾತಾಗಿತ್ತು. ಹೋದ ಜೀವ ಹೋಯಿತು, ಇರುವವನು ಯಾಕೆ ಜೈಲಿಗೆ ಹೋಗಬೇಕು, ಪೆಟ್ಟಿಗೆಯ ಕರೆಂಟಿಗೇ ಮುದುಕಿ ಹೋದಳು ಎನ್ನೋಣ. ಟೊಮೆಟೊ ಸಿದ್ದ ಎಂದು ಆಡಿಕೊಂಡವರೇ ಈಗ ಅವನ ಬೆನ್ನಿಗೆ ನಿಂತಿದ್ದರು. ಅವರದು ಕೆಟ್ಟ ಮನಸ್ಸೇನಲ್ಲ. ಸಿದ್ದರಾಜು ತಾಯಿಯ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದ, ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ.

ಸಬ್ ಇನ್ಸ್‌ಪೆಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಬೇಲಿಯುದ್ದಕ್ಕೂ ನಡೆದು ಬಂದು ಪೆಟ್ಟಿಗೆಯ ಮುಂದೆ ನಿಂತರು. ಇದಕ್ಕೆ ಸಿಕ್ಕಿಯೇ ಸತ್ತದ್ದು ಎಂದು ಕರಿಯಯ್ಯ ಹೇಳಿದ, ಹೌದೆಂದು ಹತ್ತು ಬಾಯಿ ಕೂಡಿದವು. ಅವರು ಅದರ ಮೇಲೆ ಅಂಟಿಸಿದ್ದ ಚೀಟಿ ಓದಿದರು. ಸುತ್ತ ನೋಡಿದಾಗ ಇನ್ನೂ ಯೂನಿಫಾರ್ಮಿನಲ್ಲೇ ಇದ್ದ ಪ್ರಿಯಾ ಕಂಡಳು.

"ಓದೋ ಹುಡುಗಿ ನೀನು. ಐದು ಜೌಲ್ ಅಂತಿದೆಯಲ್ಲಮ್ಮ, ಅಂದ್ರೆ ಎಷ್ಟು? ಅಷ್ಟಕ್ಕೆ ಮನುಷ್ಯರು ಸಾಯ್ತಾರಾ?"

ಮಲ್ಲಾಜಮ್ಮ ಹಿಂದಿನಿಂದ ಮಗಳ ತೋಳು ಹಿಡಿದಳು. ಆ ಹಿಡಿತದಲ್ಲಿ ಏನಿತ್ತೆಂದು ಪ್ರಿಯಾಗೆ ಅರ್ಥವಾಗದೇ ಇರಲಿಲ್ಲ. ಸಾಯುತ್ತಾರೆ ಎಂಬ ಒಂದು ಮಾತು ಸಾಕಿತ್ತು. ಅದನ್ನೇ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಆ ಮುಷ್ಟಿ ಅವಳ ಕಣ್ಣ ಮುಂದಿತ್ತು. ನೂರು ಗ್ರಾಂ ತೂಕವನ್ನು ಒಂದು ಮೀಟರ್ ಎತ್ತಿದರೆ ಒಂದು ಜೌಲ್ ಎಂದು ಶುರುಮಾಡಿದಳು. ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆಂದು ನೋಡಿದ್ದವಳಿಗೆ ಈ ಸಲ ನಿಲ್ಲಿಸಲು ಆಗಲಿಲ್ಲ.

"ಈ ಪೆಟ್ಟಿಗೆ ಸಾಯ್ಸಲ್ಲ ಸಾರ್. ಇದು ಬುಟ್ಟು ಬುಟ್ಟು ಹೊಡೀತದೆ. ಕೈ ಬುಡುಸ್ಕಳಕ್ಕೆ ಟೈಮ್ ಕೊಡ್ತದೆ. ನಮ್ಮಜ್ಜಿಗೆ ಟೈಮ್ ಸಿಗ್ನಿಲ್ಲ."

ತೋಳಿನ ಮೇಲಿದ್ದ ಅವ್ವನ ಕೈ ಮೆಲ್ಲಗೆ ಸಡಿಲವಾಯಿತು. ಸಿದ್ದರಾಜು ತಲೆಯೆತ್ತಿ ಮಗಳನ್ನೇ ನೋಡಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಪಾಠ ಈಗ ಅರ್ಥವಾದ ದಡ್ಡ ಹುಡುಗನ ಮುಖದ ಹಾಗಿತ್ತು.

"ಮೋಟ್ರು ಲೈನ್ ಕೊಟ್ಟಿದ್ದೆ ಸಾ," ಎಂದ. "ಕೂಸು ಮೊದ್ಲೇ ಯೋಳಕ್ ಬಂದಿತ್ತು. ನಾನೇ ಕೇಳ್ನಿಲ್ಲ."

ಜೀಪಿನಲ್ಲಿ ಅವನನ್ನು ಕರೆದೊಯ್ದರು. ಶವ ಆಸ್ಪತ್ರೆಗೆ ಹೋಗಿ ಮರುದಿನ ಬಂತು, ಹೊಲದ ಬದಿಯಲ್ಲೇ ಮಣ್ಣು ಮಾಡಿದರು. ಮಣ್ಣು ಹಾಕಲು ಮಗನನ್ನು ಒಂದು ಗಳಿಗೆ ಕರೆತಂದು ಮತ್ತೆ ಕರೆದುಕೊಂಡು ಹೋದರು. ಬೇಲಿಯ ತಂತಿಯನ್ನೂ ಪೆಟ್ಟಿಗೆಯನ್ನೂ ಪೊಲೀಸರು ಬಿಚ್ಚಿಕೊಂಡು ಹೋದರು. ಊರಿನವರು ತಿಥಿಯವರೆಗೆ ಬಂದು ಹೋಗಿ ಮಾಡಿದರು, ಪ್ರಿಯಾಳನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ. ಮಲ್ಲಾಜಮ್ಮ ಅಡುಗೆ ಮಾಡಿ ತಟ್ಟೆ ಇಡುತ್ತಿದ್ದಳು. ಬೈಯುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ, ಮಗಳ ಕಡೆ ನೋಡುತ್ತಲೂ ಇರಲಿಲ್ಲ.

ತಿಥಿ ಮುಗಿದ ಮಾರನೆಯ ಸಂಜೆ, ಇನ್ನೂ ಬೆಳಕಿರುವಾಗಲೇ, ಕಾಡಿನಿಂದ ಆನೆಗಳು ಇಳಿದವು. ಒಂಟಿ ಸಲಗವಲ್ಲ, ಮರಿಗಳಿದ್ದ ಹಿಂಡು. ಬರಿಯ ಕಂಬಗಳ ನಡುವೆ ಅವು ಆತುರವಿಲ್ಲದೆ ಒಳಗೆ ಬಂದವು. ಪ್ರಿಯಾ ಗೋಡೆಯ ಗೂಟದಲ್ಲಿದ್ದ ತಗಡಿನ ಡಬ್ಬ ಎಳೆದುಕೊಂಡು, ಬಡಿಯಲು ಸೌದೆಯ ಕೋಲು ಹುಡುಕಿ ಬಾಗಿಲಿಗೆ ಓಡಿದಳು. ಹೊಸ್ತಿಲ ಮೇಲೆ ಕೂತಿದ್ದ ಮಲ್ಲಾಜಮ್ಮ ದಾರಿ ಬಿಡಲಿಲ್ಲ.

"ಬುಡವ್ವ," ಎಂದಳು. ಅಷ್ಟು ದಿನದ ಮೇಲೆ ಮಗಳೊಂದಿಗೆ ಆಡಿದ ಮೊದಲ ಮಾತು ಅದು. "ತಿನ್ಲಿ."

ಪ್ರಿಯಾ ಡಬ್ಬ ಹಿಡಿದುಕೊಂಡೇ ಅವ್ವನ ಪಕ್ಕದಲ್ಲಿ ಕೂತಳು. ತುಂಬಿದ ತೆನೆಗಳ ದಂಟು ಮುರಿಯುವ ಸದ್ದು ಮೇಲಿನ ಮೂಲೆಯಿಂದ ಶುರುವಾಗಿ ಸಾಲು ಸಾಲಾಗಿ ಇಳಿಯುತ್ತ ಅಂಗಳದ ಹತ್ತಿರ ಬರುತ್ತಿತ್ತು.