ತಮ್ಮನ ವ್ಯಾನಿನ ಹೆಡ್ಡು

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ಅನುಗೊಂಡನಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಚಿಕ್ಕಬೀರಪ್ಪ ಮತ್ತು ಅವನ ತಮ್ಮ ಭೀಮರಾಜ್ ಒಂದೇ ಗೋಡೆಯ ಆಚೆ ಈಚೆ ಇದ್ದಾರೆ. ಭಾಗವಾದಾಗ ಅಪ್ಪನ ಹಳೇ ಕಾರು ಅಣ್ಣನಿಗೆ ಬಂತು, ವ್ಯಾನು ತಮ್ಮನಿಗೆ ಹೋಯಿತು. ಕಾರು ಚೆನ್ನಾಗಿದೆ ಎಂದು ತಮ್ಮ ಮುನಿಸಿಕೊಂಡ. ವ್ಯಾನಾದರೆ ಟೊಮೆಟೊ ತುಂಬಬಹುದಿತ್ತು ಎಂದು ಅಣ್ಣ ಮುನಿಸಿಕೊಂಡ. ಆವತ್ತಿನಿಂದ ಮಾತುಕತೆ ಇಲ್ಲ. ಎರಡೂ ಒಂದೇ ಕಂಪನಿಯವು, ಎರಡರ ಎಂಜಿನ್ನೂ ಒಂದೇ ಜಾತಿಯದು ಎಂಬುದು ಆ ಜಗಳದ ಹೊತ್ತಿನಲ್ಲಿ ಯಾರ ತಲೆಗೂ ಬರಲಿಲ್ಲ.

ಈಗ ಚಿಕ್ಕಬೀರಪ್ಪನ ಮಗಳು ದಿವ್ಯಳ ಮದುವೆ. ತಾತನ ಕಾರಿನಲ್ಲೇ ಹೊಸಕೋಟೆಯ ಛತ್ರಕ್ಕೆ ಹೋಗುವುದೆಂದು ಅವಳು ಹಟ ಹಿಡಿದಿದ್ದಳು. ಅದೇ ಕಾರಿನಲ್ಲಿ ಚಿಕ್ಕಬೀರಪ್ಪ ಊರೂರು ತಿರುಗಿ ಲಗ್ನಪತ್ರಿಕೆ ಹಂಚಿದ. ಗೋಡೆಯಾಚೆಗೆ ಮಾತ್ರ ಕೊಡಲಿಲ್ಲ. ತಮ್ಮನೇ ಬಂದು ಕೇಳಲಿ ಎಂದು ಕಾಯುತ್ತಿದ್ದ. ಕರೆಯದ ಮದುವೆಗೆ ಪತ್ರಿಕೆ ಕೊಡಿ ಎಂದು ಯಾರು ಬಂದು ಕೇಳುತ್ತಾರೋ, ದೇವರೇ ಬಲ್ಲ. ಹಂಚಿ ಮುಗಿಸಿ ಬರುವಾಗ ಕಾರು ಕುದ್ದು, ಹೊಗೆಯಾಡಿ, ರಸ್ತೆ ಮಧ್ಯೆ ನಿಂತುಹೋಯಿತು.

ಹೊಸಕೋಟೆಯ ಮೆಕ್ಯಾನಿಕ್ ಮುನಾವರ್ ಪಾಷಾ ಬಿಚ್ಚಿ ನೋಡಿದ. ಎಂಜಿನ್ನಿನ ಮೇಲಿನ ಭಾಗ, ಅಂದರೆ ಹೆಡ್ಡು, ಬಿರುಕು ಬಿಟ್ಟಿತ್ತು. ಹೊಸದು ಬರುವುದು ನಿಂತು ಕಾಲವಾಯಿತು, ಗುಜರಿಯಲ್ಲೂ ಹುಡುಕಿದ್ದೇನೆ, ಇಲ್ಲ ಎಂದ.

"ನಿಮ್ ತಮ್ಮನ ವ್ಯಾನ್ ಹೆಡ್ಡು ಇದಕ್ಕೆ ಕರೆಕ್ಟಾಗಿ ಕೂರ್ತದೆ ಅಣ್ಣ."

ವ್ಯಾನಿನಲ್ಲಿ ಎಂಜಿನ್ನು ಸೀಟಿನಡಿ ಓರೆಯಾಗಿ ಮಲಗಿರುತ್ತದೆ, ಹಾಗಾಗಿ ಗಾಳಿ ಪೆಟ್ರೋಲು ಒಳಗೆ ಹೋಗುವ ಕೊಳವೆ ಮಾತ್ರ ಬೇರೆ, ಅದು ಕಾರಿನದೇ ಇರಲಿ ಎಂದೂ ವಿವರಿಸಿದ. ಚಿಕ್ಕಬೀರಪ್ಪನಿಗೆ ಕೊಳವೆಯ ಚಿಂತೆ ಇರಲಿಲ್ಲ.

ಹೆಂಡತಿ ಮುತ್ತಮ್ಮ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. ಪತ್ರಿಕೆ ಕೊಡದೆ ಹೆಡ್ಡು ಕೇಳುವುದಕ್ಕೆ ಮುಖವಾದರೂ ಎಲ್ಲಿದೆ ಎಂದು ಬೈದು, ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಪತ್ರಿಕೆ ಜೋಡಿಸಿದಳು. ಗಂಡಹೆಂಡತಿ ಜೊತೆಯಾಗಿ ಹೋಗಿ ಕರೆಯುವುದು ಪದ್ಧತಿ, ತಡಿ, ಸೀರೆ ಬದಲಾಯಿಸಿ ಬರುತ್ತೇನೆ ಎಂದಳು. ಗೋಡೆಯಾಚೆ ತಾನೇ ಎಂದು ಅವನು ಒಬ್ಬನೇ ಹೋದ.

ತಟ್ಟೆಯನ್ನು ಜಗಲಿಯ ಮೇಲಿಟ್ಟವನೇ ಹೆಡ್ಡಿನ ವಿಷಯ ಎತ್ತಿದ. ಭೀಮರಾಜ್ ಪೂರ್ತಿ ಕೇಳಿಸಿಕೊಂಡ.

"ಪತ್ರಿಕೆ ನಂಗಾ, ಹೆಡ್ಡಿಗಾ?" ಎಂದ.

ಚಿಕ್ಕಬೀರಪ್ಪ ತಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದ.

ತಮ್ಮ ಹೆಡ್ಡು ಕೊಡಲಿಲ್ಲ ಅನ್ನುವ ಹಾಗಿಲ್ಲ. ಓಡುತ್ತಿದ್ದ ವ್ಯಾನನ್ನು ತಾನೇ ಪಾಷಾನ ಗ್ಯಾರೇಜಿಗೆ ಒಯ್ದು, ಬಿಚ್ಚಿಸಿಕೊಟ್ಟು, ಬಸ್ಸಿನಲ್ಲಿ ವಾಪಸ್ ಬಂದ. ತಟ್ಟೆ ಮಾತ್ರ ಸಂಜೆ ಅಣ್ಣನ ಜಗಲಿಗೆ ತಿರುಗಿ ಬಂದಿತ್ತು. ಪತ್ರಿಕೆ ಅದರಲ್ಲೇ ಇತ್ತು.

ಕಾರು ಹೊಸದರ ಹಾಗೆ ಓಡಿತು. ಟೊಮೆಟೊ ಸುಗ್ಗಿಯಲ್ಲಿ ವ್ಯಾನು ನಿಲ್ಲಿಸಿ ಹೆಡ್ಡು ಕೊಟ್ಟವನು ಮಂಟಪದಲ್ಲಿ ಇಲ್ಲದಿದ್ದರೆ ಮಗಳ ಧಾರೆ ಯಾವ ಕೈಯಲ್ಲಿ ಎರೆಯಲಿ ಎಂದು ಚಿಕ್ಕಬೀರಪ್ಪ ಮುತ್ತಮ್ಮನ ಮುಂದೆ ಅತ್ತೇ ಬಿಟ್ಟ. ಅವಳು ಸಮಾಧಾನ ಮಾಡಲಿಲ್ಲ. ಅಳುವುದನ್ನು ಅಲ್ಲಿ ಹೋಗಿ ಅಳು ಎಂದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಛತ್ರಕ್ಕೆ ಹೊರಟರು. ಹೂ ಕಟ್ಟಿದ ಕಾರು ದಿವ್ಯಳನ್ನು ಕೂರಿಸಿಕೊಂಡು ಪಕ್ಕದ ತಮ್ಮನ ಮನೆ ಬಾಗಿಲವರೆಗೆ ಹೋಗಿ ನಿಂತಿತು. ಚಿಕ್ಕಬೀರಪ್ಪ ಎಂಜಿನ್ ಆರಿಸಿ ಇಳಿದ. ಮುತ್ತಮ್ಮ ತಟ್ಟೆ ಹಿಡಿದು ಇಳಿದಳು.

ಭೀಮರಾಜ್ ಬಾಗಿಲಿಗೆ ಬಂದ.

"ಇನ್ನೇನ್ ಬೇಕಣ್ಣ?"

"ಇನ್ನೇನೂ ಬೇಡ. ನೀನ್ ಬೇಕು ಕಣೋ. ನೀನ್ ಹತ್ತದೆ ನಾನಿದನ್ನ ಸ್ಟಾರ್ಟ್ ಮಾಡಲ್ಲ."

ಭೀಮರಾಜ್ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದ. ಅವನ ಹಿಂದೆ ಹೆಂಡತಿ ರೇಷ್ಮೆ ಸೀರೆಯಲ್ಲಿ ನಿಂತಿದ್ದಳು. ಅವನು ಅತ್ತಿಗೆಯ ಕೈಯಿಂದ ತಟ್ಟೆ ತೆಗೆದುಕೊಂಡು ಕುಂಕುಮ ಇಟ್ಟುಕೊಂಡ.

"ಬೆಳಗ್ಗೆಯಿಂದ ಕಾಯ್ತಾ ಕೂತಿದೀವಿ," ಎಂದು ಚಪ್ಪಲಿ ಮೆಟ್ಟಿದ.