ಕಟ್ಟೆ ಒಡೆದಾಗ ಅಲ್ಲಿದ್ದವರು

ಹೇರೋಹಳ್ಳಿಯ ಆಚೆ, ಹೊಸ ಸೈಟುಗಳ ನಡುವೆ, ದೊಡ್ಡಕಟ್ಟೆ ಎಂಬ ಹಳೆಯ ಕೆರೆಯ ಏರಿ ಮೂವತ್ತು ಹೆಜ್ಜೆಯಷ್ಟು ಉಳಿದಿದೆ. ಅದರ ತುದಿಯಲ್ಲಿ ನೀರು ಬಿಡುತ್ತಿದ್ದ ತೂಬಿನ ಎರಡು ಕಲ್ಲುಕಂಬಗಳಿವೆ. ಐವತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಕಟ್ಟೆ ಒಡೆದು ಹತ್ತೊಂಬತ್ತು ಜನ ಸತ್ತರು. ಆ ಕಥೆ ಊರಿನ ಮುದುಕ ನಂಜುಂಡಪ್ಪನ ಸ್ವತ್ತು. ನೋಡಲು ಬಂದವರಿಗೆ ಊರುಗೋಲು ಚಾಚಿ, ನೀರು ಎಲ್ಲಿಯವರೆಗೆ ನುಗ್ಗಿತು, ಯಾರ ಮನೆ ಮೊದಲು ಹೋಯಿತು ಎಂದು ಹೇಳಿ, ಸತ್ತವರ ಹೆಸರನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ, ಕೊನೆಗೆ ‘ನಮ್ಮವ್ವನೂ ಇಲ್ಲೇ ಹೋದ್ಲು’ ಎಂದರೆ ಎಂಥವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಮೊದಮೊದಲು ‘ಜನ ಹೇಳ್ತಾರೆ’ ಎನ್ನುತ್ತಿದ್ದವನು ಯಾವಾಗಲೋ ‘ನಾನು ಕಂಡೆ’ ಎನ್ನತೊಡಗಿದ್ದ. ನಿಜ ಹೇಳಬೇಕೆಂದರೆ, ಕಟ್ಟೆ ಒಡೆದ ಹೊತ್ತಿನಲ್ಲಿ ಅವನು ಬಿನ್ನಿಪೇಟೆಯ ಮಿಲ್ಲಿನಲ್ಲಿ ಮೊದಲ ಪಾಳಿಯಲ್ಲಿದ್ದ.

ಈ ಭಾನುವಾರ ಶರಣ್ಯಾ ಎಂಬ ಹುಡುಗಿ ರಾಜಾಜಿನಗರದಿಂದ ಹದಿನೈದು ಜನರನ್ನು ಕಟ್ಟೆ ತೋರಿಸಲು ಕರೆತಂದಳು. ಬಂದವಳು ನಂಜುಂಡಪ್ಪನನ್ನು ಬಿಟ್ಟು, ಎರಡು ಬೀದಿ ಆಚೆಯ ಲಿಂಗಮ್ಮನನ್ನು ಮುಂದೆ ಕೂರಿಸಿದಳು. ಇಷ್ಟು ವರ್ಷ ಬಾಯೇ ಬಿಡದ ಹೆಂಗಸು! ತೂಬಿನ ಕಂಬ ತಬ್ಬಿಕೊಂಡು ಬದುಕಿ ಉಳಿದವರು ಇವರೇ ಎಂದು ಶರಣ್ಯಾ ಹೇಳಿದ್ದೇ ತಡ, ಎಲ್ಲರ ಫೋನುಗಳೂ ಅವಳತ್ತ ತಿರುಗಿದವು. ನಂಜುಂಡಪ್ಪನಿಗೆ ಸಿಕ್ಕಿದ್ದು ಹಿಂದಿನ ಸಾಲಿನಲ್ಲೊಂದು ಪ್ಲಾಸ್ಟಿಕ್ ಕುರ್ಚಿ.

ಅವನ ಹೊಟ್ಟೆಗೆ ಬೆಂಕಿ ಬಿತ್ತು. ಅವಳಿಗೆ ನೆಟ್ಟಗೆ ಹೇಳಲೂ ಬರುವುದಿಲ್ಲ. ಅರ್ಧ ಮಾತಿಗೆ ನಿಲ್ಲುತ್ತಾಳೆ, ಮೂಗು ಒರೆಸಿಕೊಳ್ಳುತ್ತಾಳೆ. ಆದರೂ ಜನ ಮಿಸುಕದೆ ಕೇಳುತ್ತಿದ್ದಾರೆ. ಆ ನೀರಿನಲ್ಲಿ ಮುಳುಗೇಳುವ ಅದೃಷ್ಟ ತನಗಿರಲಿಲ್ಲವಲ್ಲ ಎಂದೂ ಒಂದು ಗಳಿಗೆ ಕರುಬಿದ. ನಾಚಿಕೆಯಾಯಿತು, ಆದರೆ ಉರಿ ಆರಲಿಲ್ಲ.

ತಡೆಯಲಾರದೆ ಎದ್ದು ನಿಂತು ಪರೀಕ್ಷೆಗೇ ಇಳಿದ. ಏರಿ ಮೊದಲು ಒಡೆದದ್ದು ಎಡಕ್ಕೋ ಬಲಕ್ಕೋ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ನೀರು ಎಷ್ಟು ಆಳುದ್ದ ಬಂತು ಎಂದು ಕೇಳಿದ. ಅದೂ ಗೊತ್ತಿರಲಿಲ್ಲ.

‘ಮತ್ತೆ ನಿಂಗೆ ಗೊತ್ತಿರೋದಾದ್ರೂ ಏನು?’

ಲಿಂಗಮ್ಮ ಸೆರಗು ಸರಿಮಾಡಿಕೊಂಡಳು. ‘ಆಚೆ ಕಂಬ ಹಿಡ್ಕೊಂಡಿದ್ದೋಳು ನಿಮ್ಮವ್ವ.’

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನಂಜುಂಡಪ್ಪ ಕೇಳಿದ.

‘ನೀನು ಯಾವತ್ತು ಕೇಳ್ದೆ, ನಂಜಣ್ಣ? ಬರೀ ಹೇಳ್ತಾನೇ ಇದ್ದೆ.’

ಅವ್ವ ಏನಾದರೂ ಅಂದಳೇ ಎಂದು ಕೇಳಿದ. ಲಿಂಗಮ್ಮ ಒಮ್ಮೆ ಜನರ ಕಡೆ ನೋಡಿ, ಇಲ್ಲಿ ಬೇಡ, ಆಮೇಲೆ ಮನೆ ಹತ್ತಿರ ಬಾ ಎಂದಳು. ಅವಳು ಯಾಕೆ ಹಿಂಜರಿಯುತ್ತಿದ್ದಾಳೆಂದು ಅವನಿಗೆ ಹೊಳೆಯಲಿಲ್ಲ. ಈಗಲೇ ಹೇಳು ಎಂದು ಹಟ ಹಿಡಿದ.

‘“ನಂಜ ಮಿಲ್ಲಿಗೆ ಹೋಗವ್ನೆ, ಸದ್ಯ ಇಲ್ಲಿಲ್ಲ, ಉಳ್ಕೊಂಡ” ಅಂತಿದ್ಲು. ಕೈ ಜಾರೋವರ್ಗೂ ಅದೊಂದೇ ಮಾತು.’

ಹಿಂದೊಮ್ಮೆ ಬಂದಿದ್ದ ಒಬ್ಬರು, ತಾತ, ನೀವು ಕಣ್ಣಾರೆ ಕಂಡೆ ಅಂದಿದ್ದಿರಲ್ಲ ಎಂದರು. ನಂಜುಂಡಪ್ಪನ ಕಣ್ಣು ಲಿಂಗಮ್ಮನ ಮೇಲೇ ಇತ್ತು. ಐವತ್ತು ವರ್ಷದಿಂದ ಅವ್ವನ ಆ ದನಿ ಇದ್ದದ್ದು ಈ ಹೆಂಗಸಿನ ಕಿವಿಯಲ್ಲಿ. ಅದನ್ನು ನೆನೆದು ಅವನಿಗೆ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯಿತು. ಸಾಲು ದಾಟಿಕೊಂಡು ಬಂದು, ಎಲ್ಲರೆದುರು ಅವಳ ಮುಂದೆ ನೆಲದ ಮೇಲೆ ಕೂತ.

‘ಇನ್ನೊಂದ್ ಸಲ ಹೇಳು, ಲಿಂಗಮ್ಮ. ಅವ್ವ ಹೆಂಗಂದ್ಲೋ ಹಂಗೇ ಹೇಳು.’